ಜೀರಿಗೆ ನೀರು, ಗ್ರೀನ್ ಟೀ, ಗಾರ್ಸಿನಿಯಾ ಮಾತ್ರೆ: ಇವುಗಳಿಂದ ಚಯಾಪಚಯ ಚುರುಕಾಗುತ್ತದೆಯೇ?

ಪ್ರಶ್ನೆ: ನನಗೆ 43 ವರ್ಷ. ಶಿವಮೊಗ್ಗದಲ್ಲಿ ಪ್ರೌಢಶಾಲೆಯ ಶಿಕ್ಷಕಿ. ಎತ್ತರ 155 ಸೆಂ.ಮೀ., ತೂಕ 64 ಕೆ.ಜಿ. ಹತ್ತು ವರ್ಷಗಳ ಹಿಂದೆ 56 ಕೆ.ಜಿ. ಇದ್ದೆ. ವಯಸ್ಸಾದಂತೆ ಚಯಾಪಚಯ (ಮೆಟಬಾಲಿಸಂ, ಅಂದರೆ ದೇಹ ಶಕ್ತಿ ಖರ್ಚು ಮಾಡುವ ವೇಗ) ನಿಧಾನವಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಬೆಳಿಗ್ಗೆ ಜೀರಿಗೆ ಕುದಿಸಿದ ನೀರಿಗೆ ನಿಂಬೆರಸ, ಜೇನುತುಪ್ಪ ಬೆರೆಸಿ ಕುಡಿಯುತ್ತೇನೆ, ತಿಂಡಿ ಬಿಟ್ಟಿದ್ದೇನೆ. ದಿನಕ್ಕೆ ಎರಡು ಲೋಟ ಫಿಲ್ಟರ್ ಕಾಫಿ. ಮಧ್ಯಾಹ್ನ ಅನ್ನ, ತಿಳಿಸಾರು, ಪಲ್ಯ, ಮಜ್ಜಿಗೆ. ಸಂಜೆ ಗ್ರೀನ್ ಟೀ, ನಾಲ್ಕು ಬಿಸ್ಕತ್ತು. ರಾತ್ರಿ ಎರಡು ಚಪಾತಿ, ಪಲ್ಯ. ಮೊಟ್ಟೆ ತಿನ್ನುತ್ತೇನೆ, ಮಾಂಸ ತಿನ್ನುವುದಿಲ್ಲ. ತೂಕ ಇಳಿಯುತ್ತಿಲ್ಲ, ಸುಸ್ತು ಮಾತ್ರ ಹೆಚ್ಚುತ್ತಿದೆ. ಪರಿಚಯದವರೊಬ್ಬರು ಗಾರ್ಸಿನಿಯಾ ಮಾತ್ರೆ ಕೊಟ್ಟಿದ್ದಾರೆ, ಇನ್ನೂ ಶುರು ಮಾಡಿಲ್ಲ. ಚಯಾಪಚಯ ಹೆಚ್ಚಿಸುವ ಆಹಾರ, ಪಾನೀಯಗಳು ಯಾವುವು?

ಉತ್ತರ: ಮೊದಲು ಆ ಮಾತ್ರೆಯ ವಿಚಾರ. ದಯವಿಟ್ಟು ಅದನ್ನು ಶುರು ಮಾಡಬೇಡಿ.

ಡಬ್ಬಿಯ ಮೇಲೆ ಗಾರ್ಸಿನಿಯಾ ಎಂದು ಬರೆದಿರುವುದು ನಿಮ್ಮ ಮಲೆನಾಡಿನ ಉಪ್ಪಾಗೆಯೇ. ಸಾಗರ, ಸಿದ್ದಾಪುರ, ಶಿರಸಿ ಕಡೆಯವರು ಮಳೆಗಾಲದಲ್ಲಿ ಕಾಡಿನಿಂದ ಹಣ್ಣು ತಂದು, ಸಿಪ್ಪೆಯನ್ನು ಬೆಂಕಿಯ ಶಾಖಕ್ಕೆ ಒಣಗಿಸಿ ಹುಳಿಗೆಂದು ಇಟ್ಟುಕೊಳ್ಳುತ್ತಾರಲ್ಲ, ಅದೇ ಕಪ್ಪು ಸಿಪ್ಪೆ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುವ ರೂಢಿಯೂ ಇದೆ. ಕೇರಳದವರು ಮೀನಿನ ಸಾರಿಗೆ ಹಾಕುವ ಕುಡಂಪುಳಿಯೂ ಇದೇ. ಈ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿದೆ. ತಿಂದ ಪಿಷ್ಟ ಕೊಬ್ಬಾಗಿ ಮಾರ್ಪಡಲು ಬೇಕಾದ ಒಂದು ಕಿಣ್ವವನ್ನು ಅದು ತಡೆಯುತ್ತದೆ ಎಂದು ಇಲಿಗಳಲ್ಲಿ ಕಂಡದ್ದೇ ತಡ, ಮಾತ್ರೆಯ ವ್ಯಾಪಾರ ಶುರುವಾಯಿತು. ಮನುಷ್ಯರಲ್ಲಿ ನೋಡಿದಾಗ ಕತೆ ಬೇರೆಯಾಯಿತು. 1998ರಲ್ಲಿ ಅಮೆರಿಕದಲ್ಲಿ 135 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಗಾರ್ಸಿನಿಯಾ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ಮಾತ್ರೆ ಕೊಟ್ಟು 12 ವಾರ ನೋಡಿದರು. ಎರಡೂ ಗುಂಪಿಗೆ ಒಂದೇ ಪಥ್ಯ. ಹುಸಿ ಮಾತ್ರೆಯವರು ಸರಾಸರಿ 4.1 ಕೆ.ಜಿ. ಇಳಿದರು, ಗಾರ್ಸಿನಿಯಾದವರು 3.2 ಕೆ.ಜಿ. ಇಳಿದದ್ದು ಪಥ್ಯದಿಂದ, ಮಾತ್ರೆಯಿಂದಲ್ಲ. ಆಮೇಲಿನ ವರ್ಷಗಳಲ್ಲಿ ಈ ಸಾರವಿರುವ ಮಾತ್ರೆಗಳನ್ನು ನುಂಗಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಕೆಲವರಿಗೆ ಯಕೃತ್ತಿನ ಕಸಿಯೇ ಬೇಕಾಯಿತು. ಅಡುಗೆಯಲ್ಲಿ ಒಂದೆರಡು ಸಿಪ್ಪೆ ಹಾಕುವುದರಲ್ಲಿ ಯಾವ ದೋಷವೂ ಇಲ್ಲ. ಅದೇ ಸಿಪ್ಪೆಯ ಸಾರವನ್ನು ಭಟ್ಟಿ ಇಳಿಸಿದಂತೆ ಗಟ್ಟಿ ಮಾಡಿ ದಿನಾ ನುಂಗುವುದು ಬೇರೆಯೇ ವಿಷಯ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರೋಣ. ಅದರಲ್ಲಿ ಅಡಗಿರುವ ನಂಬಿಕೆಯನ್ನೇ ಮೊದಲು ಪರಿಶೀಲಿಸಬೇಕು. ನಿಮ್ಮ ಚಯಾಪಚಯ ನಿಧಾನವಾಗಿದೆ ಎನ್ನುವುದು ನಿಜವೇ?

ನೀವು ಇಡೀ ದಿನ ಮಲಗಿಯೇ ಇದ್ದರೂ ನಿಮ್ಮ ದೇಹ ಶಕ್ತಿ ಖರ್ಚು ಮಾಡುತ್ತದೆ. ನಿಮ್ಮ ವಯಸ್ಸು, ಎತ್ತರ, ತೂಕವನ್ನು ಬಳಕೆಯಲ್ಲಿರುವ ಸೂತ್ರಕ್ಕೆ ಹಾಕಿದರೆ ಅದು ದಿನಕ್ಕೆ ಸುಮಾರು 1,230 ಕ್ಯಾಲೊರಿ ಎಂದು ಬರುತ್ತದೆ. ಇದರ ಬಹುಪಾಲನ್ನು ಖರ್ಚು ಮಾಡುವುದು ಯಕೃತ್ತು, ಮೆದುಳು, ಹೃದಯ ಮತ್ತು ಮೂತ್ರಪಿಂಡಗಳು. ದೇಹದ ತೂಕದಲ್ಲಿ ಇವುಗಳ ಪಾಲು ಶೇ 6ರ ಆಸುಪಾಸು, ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು. ಇವು ನಿಮ್ಮ ಇಚ್ಛೆಯಂತೆ ವೇಗ ಹೆಚ್ಚಿಸಿಕೊಳ್ಳುವುದಿಲ್ಲ, ಹೆಚ್ಚಿಸಿಕೊಳ್ಳಲೂಬಾರದು. ಅದರ ಮೇಲೆ ತಿಂದದ್ದನ್ನು ಅರಗಿಸಲು ಒಟ್ಟು ಖರ್ಚಿನ ಶೇ 10ರಷ್ಟು ಬೇಕು. ಉಳಿದದ್ದು ಓಡಾಟ, ಮನೆಗೆಲಸ, ತರಗತಿಯಲ್ಲಿ ನಿಂತು ಪಾಠ ಮಾಡುವುದು ಇತ್ಯಾದಿಗೆ.

ವಯಸ್ಸಿನ ಬಗ್ಗೆ 2021ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. 29 ದೇಶಗಳ 6,400ಕ್ಕೂ ಹೆಚ್ಚು ಜನರ ದಿನದ ಶಕ್ತಿವ್ಯಯದ ಅಳತೆಗಳನ್ನು ಅದರಲ್ಲಿ ಒಟ್ಟುಗೂಡಿಸಿದ್ದರು. ಎಂಟು ದಿನದ ಹಸುಳೆಯಿಂದ ತೊಂಬತ್ತು ದಾಟಿದವರವರೆಗೆ. ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಇಪ್ಪತ್ತರಿಂದ ಅರವತ್ತರವರೆಗೆ ಚಯಾಪಚಯದ ವೇಗ ಬದಲಾಗುವುದೇ ಇಲ್ಲ ಎಂದು ಕಂಡುಬಂತು. ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಹೆಂಗಸರಲ್ಲಿ ತಟ್ಟನೆ ಇಳಿದದ್ದು ಕಾಣಲಿಲ್ಲ. ಅರವತ್ತರ ನಂತರ ವರ್ಷಕ್ಕೆ ಶೇ 0.7ರಷ್ಟು ಕುಗ್ಗುತ್ತದೆ, ಅಷ್ಟೇ. ಆದ್ದರಿಂದ 43ನೇ ವಯಸ್ಸಿನಲ್ಲಿ ‘ನನ್ನ ದೇಹವೇ ಕೈಕೊಟ್ಟಿತು’ ಎಂದು ನೀವು ನಿಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ. ಈ ವಯಸ್ಸಿನಲ್ಲಿ ಕೊಬ್ಬು ಸೊಂಟದಿಂದ ಹೊಟ್ಟೆಯ ಕಡೆಗೆ ಸರಿಯುವುದು ನಿಜ, ಓಡಾಟ ಕಡಿಮೆಯಾಗಿ ಸ್ನಾಯು ಸವೆಯುವುದೂ ನಿಜ. ಅವು ಬೇರೆ ಸಮಸ್ಯೆಗಳು, ಅವಕ್ಕೆ ಬೇರೆ ಉಪಾಯಗಳಿವೆ.

ಪಾನೀಯಗಳನ್ನು ಒಂದೊಂದಾಗಿ ತೂಗಿ ನೋಡೋಣ.

ಕಾಫಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದಕ್ಕೆ ನಿಜವಾಗಿಯೂ ಪರಿಣಾಮವಿದೆ. ನೂರು ಮಿಲಿಗ್ರಾಂ ಕೆಫೀನ್ ಸೇವಿಸಿದರೆ ಎರಡೂವರೆ ಗಂಟೆಯ ಕಾಲ ವಿಶ್ರಾಂತಿಯ ಶಕ್ತಿವ್ಯಯ ಶೇ 3ರಿಂದ 4ರಷ್ಟು ಏರುತ್ತದೆ ಎಂದು 1989ರಲ್ಲೇ ಅಳೆದಿದ್ದಾರೆ. ಈ ಶೇಕಡಾವಾರನ್ನೇ ಹಿಡಿದು ಜಾಹೀರಾತುಗಳು ಹುಟ್ಟುತ್ತವೆ. ನಿಮ್ಮ ಮೈಗೆ ಲೆಕ್ಕ ಹಾಕಿ. ಗಂಟೆಗೆ 51 ಕ್ಯಾಲೊರಿಯಂತೆ ಎರಡೂವರೆ ಗಂಟೆಗೆ 128. ಅದರ ಶೇ 3.5 ಎಂದರೆ ನಾಲ್ಕೂವರೆ ಕ್ಯಾಲೊರಿ. ಲೋಟಕ್ಕೆ ಹಾಕುವ ಒಂದು ಚಮಚ ಸಕ್ಕರೆಯಲ್ಲಿ 20 ಕ್ಯಾಲೊರಿ ಇದೆ. ನಮ್ಮ ಪುಡಿಯಲ್ಲಿ ಚಿಕೋರಿಯೂ ಬೆರೆತಿರುತ್ತದೆ, ಅದರಲ್ಲಿ ಕೆಫೀನ್ ಇರುವುದೇ ಇಲ್ಲ. ಕಾಫಿಯನ್ನು ಅದರ ಘಮಕ್ಕಾಗಿ, ಸ್ಟಾಫ್ ರೂಮಿನ ಮಾತುಕತೆಗಾಗಿ ಕುಡಿಯಿರಿ. ತೂಕ ಇಳಿಸಲಿಕ್ಕೆಂದು ಕುಡಿಯುವುದರಲ್ಲಿ ಅರ್ಥವಿಲ್ಲ.

ಗ್ರೀನ್ ಟೀಯ ಖ್ಯಾತಿಗೆ ಕಾರಣ 1999ರ ಒಂದು ಪ್ರಯೋಗ. ಹತ್ತು ಮಂದಿ ಯುವಕರಿಗೆ ಗ್ರೀನ್ ಟೀ ಸಾರದ ಮಾತ್ರೆ ಕೊಟ್ಟು ಅಳೆದಾಗ ದಿನದ ಶಕ್ತಿವ್ಯಯ ಶೇ 4ರಷ್ಟು ಏರಿತು, ಅಂದರೆ 80 ಕ್ಯಾಲೊರಿಯ ಆಸುಪಾಸು. ಆಸೆ ಹುಟ್ಟಿಸುವ ಅಂಕಿಯೇ. ಆದರೆ ತೂಕ ಇಳಿಯಿತೇ ಎಂದು ಕೇಳಿದ ಪ್ರಯೋಗಗಳನ್ನೆಲ್ಲ ಕಾಕ್ರೇನ್ ಸಂಸ್ಥೆಯವರು 2012ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಸಿಕ್ಕಿದ ಇಳಿಕೆ ಲೆಕ್ಕಕ್ಕೆ ಬಾರದಷ್ಟು ಚಿಕ್ಕದಾಗಿತ್ತು. ಒಂದು ಕಪ್ ಗ್ರೀನ್ ಟೀ ನಿರಪಾಯಕರ, ಸಕ್ಕರೆ ಇಲ್ಲದಿದ್ದರೆ ಒಳ್ಳೆಯದೇ. ಅದರ ಸಾರದ ಮಾತ್ರೆಯ ಮಾತು ಬೇರೆ: ಅದರಲ್ಲಿರುವ ಮುಖ್ಯ ಕ್ಯಾಟೆಚಿನ್ (ಟೀ ಎಲೆಯ ಒಂದು ಸಹಜ ರಾಸಾಯನಿಕ) ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿಗೆ ತೊಂದರೆಯಾಗುವ ಲಕ್ಷಣಗಳಿವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ನಿಮ್ಮ ವಿಷಯದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಟೀ ಅಲ್ಲ, ಅದರ ಪಕ್ಕದ ನಾಲ್ಕು ಬಿಸ್ಕತ್ತು. ಕಪ್ಪಿನಲ್ಲಿ ಏನೂ ಇಲ್ಲ, ತಟ್ಟೆಯಲ್ಲಿ ನೂರಕ್ಕೂ ಹೆಚ್ಚು ಕ್ಯಾಲೊರಿ ಇದೆ.

ಜೀರಿಗೆ, ನಿಂಬೆ, ಜೇನು. ಜೀರಿಗೆ ನೀರು ಹೊಟ್ಟೆಯುಬ್ಬರಕ್ಕೆ ಹಿತ ಎನ್ನುವ ಹಿರಿಯರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಕೊಬ್ಬು ಕರಗಿಸುವ ಶಕ್ತಿ ಅದಕ್ಕಿದೆ ಎನ್ನಲು ಗಟ್ಟಿ ಆಧಾರವಿಲ್ಲ. ಒಂದು ದೊಡ್ಡ ಚಮಚ ಜೇನುತುಪ್ಪದಲ್ಲಿ 60 ಕ್ಯಾಲೊರಿ ಇದೆ ಎನ್ನುವುದಕ್ಕೆ ಮಾತ್ರ ಆಧಾರ ಬೇಕಾದಷ್ಟಿದೆ. ಬಿಸಿ ನೀರಿನಿಂದ ಕೊಬ್ಬು ಕರಗುವುದಿಲ್ಲ. ತಣ್ಣೀರಿನ ಬಗ್ಗೆ ಕೇಳುವವರೂ ಇದ್ದಾರೆ: ಅರ್ಧ ಲೀಟರ್ ಫ್ರಿಜ್ ನೀರನ್ನು ಮೈಯ ಶಾಖಕ್ಕೆ ತರಲು ಹೆಚ್ಚೆಂದರೆ 16 ಕ್ಯಾಲೊರಿ ಖರ್ಚಾಗುತ್ತದೆ. ಆಪಲ್ ಸೈಡರ್ ವಿನೆಗರ್ ಕುಡಿದವರ ತೂಕ ಇಳಿಯಿತೆಂದು 2024ರಲ್ಲಿ ಲೆಬನಾನ್‌ನಿಂದ ಬಂದ ಅಧ್ಯಯನ ಭಾರೀ ಸುದ್ದಿಯಾಯಿತು. ಅದರ ಅಂಕಿಅಂಶ ನಂಬುವಂತಿಲ್ಲವೆಂದು ಪ್ರಕಟಿಸಿದ ಪತ್ರಿಕೆಯೇ ಮರುವರ್ಷ ಅದನ್ನು ಹಿಂತೆಗೆದುಕೊಂಡಿತು. ಸುದ್ದಿ ನೋಡಿದವರೆಲ್ಲರಿಗೂ ಹಿಂತೆಗೆತದ ವಿಷಯ ತಲುಪಿಲ್ಲ, ನನಗೆ ಬೇಸರ ತರಿಸುವುದು ಇದೇ.

ಖಾರ ತಿಂದರೆ ಬೆವರುತ್ತೇವೆ, ಆದ್ದರಿಂದ ಕೊಬ್ಬೂ ಕರಗೀತು ಎಂಬ ಆಸೆ ಸಹಜ. ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್ ಅಲ್ಪ ಪ್ರಮಾಣದಲ್ಲಿ ಶಕ್ತಿವ್ಯಯ ಹೆಚ್ಚಿಸುತ್ತದೆ. ಮಾತ್ರೆಗಳಲ್ಲಿ ಕೊಟ್ಟು ಅಳೆದಾಗ ದಿನಕ್ಕೆ 50 ಕ್ಯಾಲೊರಿಯ ಸುತ್ತಮುತ್ತ. ನಮ್ಮ ಅಡುಗೆಮನೆಯ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರದಲ್ಲಿ ಸೌಮ್ಯ. ಗುಂಟೂರಿನದನ್ನು ತಂದು ಎರಡು ಪಟ್ಟು ಹಾಕಿದರೆ ಮೊದಲು ಬರುವುದು ಎದೆಯುರಿ. ಶುಂಠಿ, ಕಾಳುಮೆಣಸು, ಬೆಳ್ಳುಳ್ಳಿಯದೂ ಇದೇ ಕತೆ. ರುಚಿಗೆ ಹಾಕಿ.

ಚಯಾಪಚಯವನ್ನು ನಿಜವಾಗಿ ಏರಿಸಿದ ವಸ್ತುವೂ ಒಂದಿತ್ತು. 1933ರ ಹೊತ್ತಿಗೆ ಅಮೆರಿಕದಲ್ಲಿ ಡೈನೈಟ್ರೋಫೀನಾಲ್ ಎಂಬ ರಾಸಾಯನಿಕವನ್ನು ತೂಕ ಇಳಿಸುವ ಔಷಧಿಯಾಗಿ ಮಾರಿದರು. ಜೀವಕೋಶಗಳು ಉಪಯುಕ್ತ ಶಕ್ತಿ ತಯಾರಿಸುವ ಬದಲು ಎಲ್ಲವನ್ನೂ ಶಾಖವಾಗಿ ಸುಟ್ಟುಬಿಡುವಂತೆ ಅದು ಮಾಡುತ್ತದೆ. ತೂಕ ಇಳಿಯಿತು. ಕಣ್ಣಿಗೆ ಪೊರೆ ಬಂತು, ಮೈ ಕಾದು ಕಾದು ಜನ ಸತ್ತರು. 1938ರಲ್ಲಿ ಮನುಷ್ಯರ ಬಳಕೆಗೆ ಯೋಗ್ಯವಲ್ಲವೆಂದು ನಿಲ್ಲಿಸಿದರು. ಈಗಲೂ ಆನ್‌ಲೈನಿನಲ್ಲಿ ಬೇರೆ ಬೇರೆ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ, ಈಗಲೂ ಸಾಯುವವರಿದ್ದಾರೆ. ಚಯಾಪಚಯ ಜೋರಾಗಿ ಏರುವುದು ದೇಹಕ್ಕೆ ಸುಖದ ಸ್ಥಿತಿಯಲ್ಲ. ತೀವ್ರ ಜ್ವರದಲ್ಲಿ ಏರುತ್ತದೆ, ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗ ಏರುತ್ತದೆ. ಎರಡಕ್ಕೂ ನಾವು ಚಿಕಿತ್ಸೆ ಮಾಡುತ್ತೇವೆ.

ಹಾಗಾದರೆ ಆಹಾರದಿಂದ ಏನೂ ಆಗುವುದಿಲ್ಲವೇ? ಆಗುತ್ತದೆ. ನಿಮ್ಮ ಪತ್ರ ಓದಿದಾಗ ನನಗೆ ಅತಿ ಮುಖ್ಯವೆನಿಸಿದ್ದು ಅದೇ: ನಿಮ್ಮ ತಟ್ಟೆಯಲ್ಲಿ ಸಾಕಷ್ಟು ಪ್ರೋಟೀನ್ ಇಲ್ಲ.

ಕೂಡಿ ನೋಡಿದೆ. ನೂರು ಗ್ರಾಂ ಅಕ್ಕಿಯ ಅನ್ನದಲ್ಲಿ 8 ಗ್ರಾಂ. ಎರಡು ಚಪಾತಿಯಲ್ಲಿ 6. ಎರಡು ಕಾಫಿಯ ಹಾಲಿನಲ್ಲಿ 6. ಮಜ್ಜಿಗೆ, ಎರಡು ಹೊತ್ತಿನ ಪಲ್ಯ, ತಿಳಿಸಾರು ಎಲ್ಲ ಸೇರಿ 8 ಅಥವಾ 9. ಒಟ್ಟು ಮೂವತ್ತು ಗ್ರಾಂ ದಾಟುವುದು ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ಕೆ.ಜಿ. ತೂಕಕ್ಕೆ 0.83 ಗ್ರಾಂ, ಅಂದರೆ ನಿಮಗೆ ಕನಿಷ್ಠ 53 ಗ್ರಾಂ ಬೇಕು. ಅರ್ಧದ ಹತ್ತಿರ ಕೊರತೆ.

ಪ್ರೋಟೀನನ್ನು ಅರಗಿಸಲು ಅದರ ಶಕ್ತಿಯಲ್ಲೇ ಶೇ 20ರಿಂದ 30ರಷ್ಟು ಖರ್ಚಾಗುತ್ತದೆ. ಅನ್ನ, ರೊಟ್ಟಿಯಂತಹ ಪಿಷ್ಟಕ್ಕೆ ಶೇ 5ರಿಂದ 10, ಎಣ್ಣೆ ತುಪ್ಪಕ್ಕೆ ಹೆಚ್ಚೆಂದರೆ ಶೇ 3. ಕಾಫಿಗೆ ಹಾಕಿದ ಲೆಕ್ಕವನ್ನು ಇಲ್ಲಿಯೂ ಹಾಕುವುದು ನ್ಯಾಯ: ದಿನಕ್ಕೆ 30 ಗ್ರಾಂ ಪಿಷ್ಟದ ಬದಲು 30 ಗ್ರಾಂ ಪ್ರೋಟೀನ್ ತಿಂದರೆ ಅರಗಿಸುವುದರಲ್ಲಿ ಹೆಚ್ಚಾಗಿ ಖರ್ಚಾಗುವುದು ಇಪ್ಪತ್ತು ಚಿಲ್ಲರೆ ಕ್ಯಾಲೊರಿ ಮಾತ್ರ. ಇದೊಂದೇ ಕಾರಣಕ್ಕಾದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಪ್ರೋಟೀನಿನ ದೊಡ್ಡ ಗುಣ ಬೇರೆ ಎರಡು. ಅದು ಹೊಟ್ಟೆ ತುಂಬಿಸಿ ಹೆಚ್ಚು ಹೊತ್ತು ಹಿಡಿದಿಡುತ್ತದೆ. ಸಂಜೆಯ ಬಿಸ್ಕತ್ತಿನ ಕಡೆಗೆ ಕೈ ಹೋಗುವುದು ಅಲ್ಲಿಗೆ ಕಡಿಮೆಯಾಗುತ್ತದೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯು ಕರಗಿಹೋಗದಂತೆಯೂ ಕಾಯುತ್ತದೆ.

ನಮ್ಮ ಅಡುಗೆಯಲ್ಲಿ ಪ್ರೋಟೀನಿಗೆ ಬಡತನವಿಲ್ಲ, ಬಡಿಸುವ ಕ್ರಮದಲ್ಲಿ ಸೋರಿಹೋಗುತ್ತದೆ. ಹುರುಳಿಕಾಳಿನ ಕಟ್ಟಿನ ಸಾರನ್ನೇ ನೋಡಿ. ಹುರುಳಿ ಉಷ್ಣ, ಬೊಜ್ಜು ಕರಗಿಸುತ್ತದೆ ಎಂದು ಸಾರನ್ನು ಎರಡು ಸೌಟು ಹೆಚ್ಚಾಗಿ ಬಡಿಸಿಕೊಳ್ಳುತ್ತಾರೆ. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂ ಪ್ರೋಟೀನ್ ಇರುವುದು ಸರಿ, ಆದರೆ ಕಾಳು ಬಸಿದ ಮೇಲೆ ಕಟ್ಟಿಗೆ ಇಳಿಯುವುದು ಅದರ ರುಚಿ ಮತ್ತು ಅಲ್ಪಸ್ವಲ್ಪ ಸತ್ವ. ಪ್ರೋಟೀನ್ ಉಳಿಯುವುದು ಬಸಿದ ಕಾಳಿನಲ್ಲಿ. ಆ ಕಾಳಿನ ಪಲ್ಯವನ್ನು ತಟ್ಟೆಯ ಮೂಲೆಗೆ ಎರಡು ಚಮಚ ಹಾಕಿಕೊಂಡು ಅನ್ನವನ್ನು ರಾಶಿ ಹಾಕಿಕೊಳ್ಳುತ್ತೇವೆ. ಇದನ್ನು ತಿರುವುಮುರುವು ಮಾಡಿ. ತಿಳಿಸಾರಿನದೂ ಇದೇ ಪಾಡು. ಬೇಳೆಯ ನೀರು ಅನ್ನಕ್ಕೆ, ಬೇಳೆ ಪಾತ್ರೆಯ ತಳಕ್ಕೆ.

ನಿಮ್ಮ ದಿನ ಹೀಗಿರಲಿ ಎಂದು ನನ್ನ ಸಲಹೆ. ಬೆಳಿಗ್ಗೆ ತಿಂಡಿ ತಿನ್ನಿ: ಎರಡು ಮೊಟ್ಟೆ ಮತ್ತು ಒಂದು ದೋಸೆ, ಅಥವಾ ನೆನೆಸಿ ರುಬ್ಬಿದ ಹೆಸರುಕಾಳಿನ ದೋಸೆ. ಮೊಟ್ಟೆ ಎರಡರಲ್ಲೇ 12 ಗ್ರಾಂ ಬಂತು. ಮಧ್ಯಾಹ್ನ ಅನ್ನವನ್ನು ಕಾಲುಭಾಗ ಇಳಿಸಿ, ತಿಳಿಸಾರಿನ ಬದಲು ಬೇಳೆ ಗಟ್ಟಿಯಾಗಿರುವ ಹುಳಿ, ಮಜ್ಜಿಗೆಯ ಬದಲು ಒಂದು ಬಟ್ಟಲು ಮೊಸರು. ಸಂಜೆ ಬಿಸ್ಕತ್ತಿನ ಜಾಗಕ್ಕೆ ಒಂದು ಹಿಡಿ ಹುರಿಗಡಲೆ. ರಾತ್ರಿ ಚಪಾತಿಯ ಜೊತೆ ಮೊಳಕೆ ಕಟ್ಟಿದ ಹೆಸರು, ಹುರುಳಿ, ಅಲಸಂದೆ, ಅವರೆಯ ಕಾಲದಲ್ಲಿ ಅವರೆ, ಯಾವುದಾದರೊಂದು ಕಾಳಿನ ಪಲ್ಯ ಒಂದು ಬಟ್ಟಲು. ಒಟ್ಟು 60 ಗ್ರಾಂ ದಾಟುತ್ತದೆ. ಪ್ರೋಟೀನ್ ಪುಡಿಯ ಡಬ್ಬಿ ಬೇಕಾಗಿಲ್ಲ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ನಿಂಬೆಹಣ್ಣನ್ನು ಬೆಳಗಿನ ನೀರಿಗೆ ಹಿಂಡುವ ಬದಲು ಈ ಕಾಳಿನ ಪಲ್ಯದ ಮೇಲೆ ಹಿಂಡಿ. ಅದರ ‘ಸಿ’ ಜೀವಸತ್ವ ಕಾಳಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಕಾಫಿ, ಟೀ ಅದಕ್ಕೆ ತದ್ವಿರುದ್ಧ. ಊಟಕ್ಕೆ ಒಂದು ಗಂಟೆ ಮುಂಚೆ ಮತ್ತು ಒಂದು ಗಂಟೆ ನಂತರ ಅವು ಬೇಡ ಎಂದು ವೈದ್ಯಕೀಯ ಸಂಶೋಧನಾ ಮಂಡಳಿ 2024ರ ಮಾರ್ಗಸೂಚಿಯಲ್ಲಿ ಹೇಳಿದೆ.

ತಿಂಡಿ ಬಿಟ್ಟಿದ್ದು ಏಕೆ ಕೆಲಸ ಮಾಡಲಿಲ್ಲ ಎಂದು ನೀವು ಕೇಳಬಹುದು. ನೀವು ಬರೆದ ಪಟ್ಟಿ ಕೂಡಿದರೆ ದಿನಕ್ಕೆ 1,200 ಕ್ಯಾಲೊರಿಯಷ್ಟೇ ಆಗುತ್ತದೆ. ಅಷ್ಟೇ ಒಳಗೆ ಹೋಗಿದ್ದರೆ ತೂಕ ಇಳಿಯಬೇಕಿತ್ತು. ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಖಂಡಿತ ಭಾವಿಸುವುದಿಲ್ಲ. ತಿಂದದ್ದನ್ನು ಬರೆಯಲು ಹೇಳಿದರೆ ಎಲ್ಲ ದೇಶಗಳಲ್ಲೂ ಹೆಚ್ಚಿನವರು ಕಡಿಮೆಯೇ ಬರೆಯುತ್ತಾರೆ, ಆಹಾರತಜ್ಞರೂ ಸೇರಿ. ಒಗ್ಗರಣೆಯ ಎಣ್ಣೆ, ಮಕ್ಕಳ ತಟ್ಟೆಯಲ್ಲಿ ಉಳಿದ ಚಿತ್ರಾನ್ನ, ಸಹೋದ್ಯೋಗಿಯ ಮನೆಯ ಹೋಳಿಗೆ ನೆನಪಿನಲ್ಲಿ ಉಳಿಯುವುದಿಲ್ಲ. ಎಣ್ಣೆಯೊಂದನ್ನು ಅಳೆದು ನೋಡಿ. ನಾಲ್ವರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಖಾಲಿಯಾಗುತ್ತಿದ್ದರೆ ಒಬ್ಬೊಬ್ಬರಿಗೆ ದಿನಕ್ಕೆ 270 ಕ್ಯಾಲೊರಿಗಿಂತ ಹೆಚ್ಚು ಅದರಿಂದಲೇ ಬರುತ್ತಿದೆ. ಮೇಲೆ ಹೇಳಿದ ಕಾಫಿ, ಟೀ, ಖಾರ, ತಣ್ಣೀರು ಎಲ್ಲವನ್ನೂ ಒಟ್ಟು ಹಾಕಿದರೂ ಇದರ ಸಮಕ್ಕೆ ಬರುವುದಿಲ್ಲ. ಮೂರು ಲೀಟರಿಗೆ ಇಳಿಸಿದರೆ ಮನೆಯಲ್ಲಿ ಯಾರಿಗೂ ರುಚಿಯ ವ್ಯತ್ಯಾಸ ತಿಳಿಯಲಿಕ್ಕಿಲ್ಲ.

ಇನ್ನೂ ಕಡಿಮೆ ತಿಂದು ನೋಡೋಣ ಎಂದು ಮಾತ್ರ ಹೊರಡಬೇಡಿ. ಹಸಿವಿನಲ್ಲಿ ದೇಹ ತನ್ನ ಖರ್ಚನ್ನು ತಾನೇ ಬಿಗಿ ಮಾಡುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವ ಸ್ವಯಂಸೇವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇರಿಸಿ ನೋಡಿದರು. ಅವರ ತೂಕ ಕಾಲುಭಾಗ ಇಳಿಯಿತು, ವಿಶ್ರಾಂತಿಯ ಶಕ್ತಿವ್ಯಯ ಶೇ 40ರ ಹತ್ತಿರ ಕುಸಿಯಿತು. ಚಳಿ, ನಿಶ್ಶಕ್ತಿ, ಸಿಡುಕು, ಇಡೀ ದಿನ ಊಟದ್ದೇ ಧ್ಯಾನ. ಚಯಾಪಚಯ ನಿಧಾನವಾಗಲು ಒಂದು ಖಚಿತ ದಾರಿ ಇದ್ದರೆ ಅದು ಉಪವಾಸ ಬೀಳುವುದೇ.

ಆಹಾರದಷ್ಟೇ ಕೈಯಲ್ಲಿರುವ ಇನ್ನೊಂದು ಉಪಾಯ ಸ್ನಾಯುವಿನದು. ಒಂದು ಕೆ.ಜಿ. ಸ್ನಾಯು ಸುಮ್ಮನಿದ್ದಾಗ ದಿನಕ್ಕೆ 13 ಕ್ಯಾಲೊರಿ ಮಾತ್ರ ಬಳಸುತ್ತದೆ, ಜಿಮ್ಮಿನವರು ಹೇಳುವಷ್ಟಲ್ಲ. ಅದರ ಬೆಲೆ ತಿಳಿಯುವುದು ಕೆಲಸ ಮಾಡಿಸಿದಾಗ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಭಾರ ಬೀಳುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಬಾರಿಯಿಂದ ಶುರು ಮಾಡಿ, ಗೋಡೆಗೆ ಅಂಗೈ ಒತ್ತಿ ದಂಡ ಹೊಡೆಯಿರಿ, ಕಾಲು ಗಟ್ಟಿಯಾದಂತೆ ಬಸ್ಕಿಗೆ ಬನ್ನಿ. ಬಸ್ಸಿನ ಒಂದು ನಿಲ್ದಾಣ ಮುಂಚೆ ಇಳಿದು ನಡೆಯುವುದೂ ಒಂದಿಷ್ಟು ಕ್ಯಾಲೊರಿ ಬಳಸುತ್ತದೆ.

ಕೊನೆಯದಾಗಿ ನಿಮ್ಮ ಸುಸ್ತು. ಇದನ್ನು ಆಹಾರದ ಮಾತಿನಲ್ಲಿ ಮುಗಿಸಲು ನನಗೆ ಇಷ್ಟವಿಲ್ಲ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಇದೇ ತಿಂಗಳು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಟಿಎಸ್‌ಎಚ್ (ಥೈರಾಯ್ಡ್ ಹೇಗಿದೆ ಎಂದು ತಿಳಿಸುವುದು) ಮತ್ತು ಬಿ12 ಪರೀಕ್ಷೆ ಮಾಡಿಸಿ. ಚಳಿ ತಡೆಯದಿರುವುದು, ಮಲಬದ್ಧತೆ, ಕೂದಲು ಉದುರುವುದು, ಮುಟ್ಟಿನ ಏರುಪೇರು ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಥೈರಾಯ್ಡ್ ಕಡಿಮೆ ಕೆಲಸ ಮಾಡಿದಾಗ ಚಯಾಪಚಯ ನಿಜವಾಗಿಯೇ ತಗ್ಗುತ್ತದೆ, ಅದಕ್ಕೆ ಥೈರಾಕ್ಸಿನ್ ಎಂಬ ಖಚಿತವಾದ ಮಾತ್ರೆಯೂ ಇದೆ. ಆದರೂ ಅದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕೆ.ಜಿ., ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರಿನದು, ಎಂಟೂ ಕೆ.ಜಿ. ಇಳಿದೀತೆಂದು ನಿರೀಕ್ಷಿಸಬೇಡಿ. ಥೈರಾಯ್ಡಿಗೆ ಕೆಡುಕೆಂದು ಎಲೆಕೋಸನ್ನು ಬೇಯಿಸಿ ತಿನ್ನಲು ಹೆದರಬೇಕಿಲ್ಲ. ಆರೋಗ್ಯಕ್ಕೆಂದು ಅಯೋಡಿನ್ ಇಲ್ಲದ ಸೈಂಧವ ಲವಣಕ್ಕೆ ಬದಲಾಗಿದ್ದರೆ ಮಾತ್ರ ಮಾಮೂಲು ಅಯೋಡಿನ್ ಉಪ್ಪಿಗೆ ಮರಳಿ. ವೈದ್ಯರು ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ, ಜೀರಿಗೆ ಜೇನಿನ ನೀರಿನಲ್ಲಿ ಅಲ್ಲ. ಕಾಫಿಗೆ, ತಿಂಡಿಗೆ ಒಂದು ಗಂಟೆ ಕಾಯಿರಿ. ಕಬ್ಬಿಣದ ಅಥವಾ ಕ್ಯಾಲ್ಸಿಯಂ ಮಾತ್ರೆಯೂ ಜೊತೆಗಿದ್ದರೆ ಅದಕ್ಕೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಲಿ.